ಕಾಲು ಮಿಲಿಮೀಟರು

ಕಳೆದ ಭಾನುವಾರ ಬೆಳಿಗ್ಗೆ, ಕಾಫಿಯ ಲೋಟವಿನ್ನೂ ಕೈಯಲ್ಲಿರುವಾಗಲೇ, ಬೀದಿಯ ತಿರುವಿನಲ್ಲಿ ಕೇಳಿಬಂದ ಸದ್ದಿನಿಂದ ಬರುತ್ತಿರುವವರು ಯಾರೆಂಬುದು ನನಗೆ ತಿಳಿದುಹೋಯಿತು. ಆದರೆ ಎಂದಿನ ಗಾಂಭೀರ್ಯ ಆ ಸದ್ದಿನಲ್ಲಿರದೆ, ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲುಗಿಸಿದಂಥ ಕಿರುದನಿಯೊಂದು ಅದರೊಳಗೆ ಬೆರೆತಿತ್ತು. ಬಂದವರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ನನ್ನ ಹಳೆಯ ಮಿತ್ರರು; ಅವರನ್ನು ಹೊತ್ತು ತಂದುದು 1984ರಲ್ಲಿ ಅವರು ಸಾಲ ಮಾಡಿ ಕೊಂಡಿದ್ದ ಯೆಜ್ಡಿ ರೋಡ್‌ಕಿಂಗ್. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತು, ಹೆಣ್ಣಿನ ಕಡೆಯವರು ಸಂಬಂಧದ ವಿಷಯ ಎತ್ತುವ ಮುನ್ನ ಮಳೆ ಬೆಳೆ ವಿಚಾರಿಸುವಂತೆ ಬಹಳ ಹೊತ್ತು ಅದೂ ಇದೂ ಮಾತನಾಡಿ, ಕೊನೆಗೆ "ಇದನ್ನು ಕೊಟ್ಟುಬಿಡಿ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ, ನೀವೇನೆನ್ನುತ್ತೀರಿ?" ಎಂದರು.

ಮೋಟಾರ್‌ಸೈಕಲ್ಲಿನ ವಿಷಯವಾಗಿ ವಾರವಾರವೂ ಬರೆಯುವವನಿಗೆ ಈ ಪ್ರಶ್ನೆ ಅಪರೂಪವೇನಲ್ಲ. ಆದರೂ ಮೈಸೂರಿನಲ್ಲಿ ಅದನ್ನು ಕೇಳುವಾಗ ಬೇರೆಡೆ ಇಲ್ಲದ ಒಂದು ಭಾರ ಅದಕ್ಕೆ ಕೂಡಿಕೊಳ್ಳುತ್ತದೆ. ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿಯೊಡನೆ 1961ರಲ್ಲಿ ಯಾದವಗಿರಿಯಲ್ಲಿ ತಯಾರಿಕೆಗೆ ತೊಡಗಿ, 1973ರಲ್ಲಿ ಯೆಜ್ಡಿಯೆಂಬ ಸ್ವಂತ ನಾಮಧೇಯವನ್ನು ಧರಿಸಿ, 1996ರಲ್ಲಿ ಬಾಗಿಲು ಮುಚ್ಚುವವರೆಗೂ ಈ ಊರಿನ ಎಷ್ಟೋ ಮನೆಗಳಿಗೆ ಅನ್ನವನ್ನೂ ಎಷ್ಟೋ ಮನೆಗಳ ಮುಂದಣ ಅಂಗಳಕ್ಕೆ ಒಂದು ಗಾಡಿಯನ್ನೂ ಕೊಟ್ಟ ಐಡಿಯಲ್ ಜಾವಾ ಕಾರ್ಖಾನೆ ಈಗಿಲ್ಲ. ಆ ಹೆಸರನ್ನು ಹೊತ್ತು 2018ರಲ್ಲಿ ಮತ್ತೆ ಪೇಟೆಗೆ ಬಂದ ಹೊಸ ಜಾವಾ ಸಿದ್ಧವಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೀಗಿರುವಾಗ ಹಳೆಯದನ್ನು ಮಾರುವುದೆಂದರೆ, ಊರಿನಲ್ಲಿ ಉಳಿದಿರುವ ಆ ಕಾರ್ಖಾನೆಯ ಒಂದು ಚೂರನ್ನು ಊರಿನಾಚೆಗೆ ಕಳುಹಿಸಿದಂತೆ ಎಂಬ ಅಳುಕು ನಮ್ಮಲ್ಲಿ ಅನೇಕರಿಗುಂಟು.

ಇದು ಬರಿಯ ಊರಿನ ಅಭಿಮಾನವೆಂದು ಹೇಳುವವರು ಆ ಗಾಡಿಯನ್ನು ಒಮ್ಮೆ ಚಾಲೂ ಮಾಡಿ ನೋಡಬೇಕು. ಬೇರೆ ಗಾಡಿ ಬಿಟ್ಟು ಅಭ್ಯಾಸವಾದವನು ಬಲಗಡೆ ಕಾಲಾಡಿಸಿ ಕಿಕ್ಕರನ್ನು ಹುಡುಕುತ್ತಾನೆ, ಅದು ಅಲ್ಲಿಲ್ಲ. ಎಡಗಡೆಯಲ್ಲಿ ಗೇರಿಗೆಂದು ಇರುವ ಸನ್ನೆಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರಾಗುತ್ತದೆ, ಎಂಜಿನ್ನು ಹೊತ್ತಿಕೊಂಡ ಮೇಲೆ ಕೆಳಗಿಳಿದು ಮತ್ತೆ ಗೇರಾಗುತ್ತದೆ; ಅಷ್ಟು ಮಾತ್ರವಲ್ಲದೆ ಗೇರು ಬದಲಿಸುವಾಗ ಆ ಸನ್ನೆಯನ್ನು ಒತ್ತಿದ ಮಾತ್ರಕ್ಕೆ ಕ್ಲಚ್ಚೂ ತಾನಾಗಿ ಬಿಟ್ಟುಕೊಡುವುದರಿಂದ, ಎಡಗೈ ಬೇಕಾದರೆ ವಿಶ್ರಾಂತಿ ಪಡೆಯಬಹುದು. ಸಿಲಿಂಡರು ಒಂದೇ ಆದರೂ ಹೊಗೆಯ ಕೊಳವೆ ಎರಡು. ಚಾವಿಯ ಮಾತನ್ನಂತೂ ಆಡುವಂತಿಲ್ಲ: ನನ್ನ ಜಾವಾದ ಚಾವಿ ಕಳೆದುಹೋದ ಒಂದು ಮಳೆಗಾಲವೆಲ್ಲ ನಾನು ಎರಡಿಂಚಿನ ಮೊಳೆಯೊಂದರಿಂದ ಸಂಸಾರ ಸಾಗಿಸಿದ್ದೇನೆ.

ಇನ್ನು ಲೆಕ್ಕದ ಮಾತು. ಬಿಡಿಭಾಗಕ್ಕೆ ಎಷ್ಟು, ಎಣ್ಣೆಗೆ ಎಷ್ಟು, ಲೀಟರಿಗೆ ಎಷ್ಟು ಕಿಲೋಮೀಟರು ಎಂದು ಕೂಡಿಸಿ ಕಳೆದು ನೋಡಿದರೆ ಹಳೆಯ ಗಾಡಿ ಎಂದೂ ಗೆಲ್ಲುವುದಿಲ್ಲ. ಅದನ್ನು ಬ್ಯಾಂಕಿನಲ್ಲಿದ್ದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಹೊಸದರ ಎಂಜಿನ್ನು ನಾಲ್ಕು ಸ್ಟ್ರೋಕಿನದು, ನೀರಿನಿಂದ ತಂಪಾಗುವಂಥದು, ಗುಂಡಿಯೊತ್ತಿದರೆ ಏಳುವಂಥದು. ಮುಖ್ಯವಾಗಿ ಅದರ ಬ್ರೇಕು ಹಿಡಿಯುತ್ತದೆ. ತುಂತುರು ಮಳೆಯಲ್ಲಿ ಚಾಮುಂಡಿ ಬೆಟ್ಟವಿಳಿಯುವಾಗ ಡ್ರಮ್ ಬ್ರೇಕನ್ನು ನಂಬಿ ತಿರುವಿಗೆ ಮುಖಮಾಡಿದವನಿಗೆ ಎಬಿಎಸ್ ಎಂಬ ಮೂರಕ್ಷರಗಳ ಬೆಲೆ ಗೊತ್ತಾಗುತ್ತದೆ. ನನ್ನ ಹಿಂದೆ ಬರುವವರು ಸಿಗ್ನಲ್ಲಿನಲ್ಲಿ ಮೂಗಿಗೆ ಸೆರಗು ಹಿಡಿಯುವುದನ್ನೂ ಕನ್ನಡಿಯಲ್ಲಿ ನೋಡಿದ್ದೇನೆ. ಅದಕ್ಕೆ ನನ್ನಲ್ಲಿ ಸಮಾಧಾನವಿಲ್ಲ. ಆದಕಾರಣ ಹೊಸದನ್ನು ಕೊಂಡವರನ್ನು ನಾನು ಹಳಿಯಲಾರೆ.

ನಾನು ಹಳಿಯುವುದು ಮೂರನೆಯ ದಾರಿಯನ್ನು. ವಿವೇಕದ ವೇಷ ಧರಿಸಿ ಬರುವುದರಿಂದ ಎಲ್ಲರಿಗೂ ಪ್ರಿಯವಾಗಿರುವ ದಾರಿಯೂ ಅದೇ. ಹೊಸದೊಂದನ್ನು ಕೊಂಡು ದಿನದ ಓಡಾಟಕ್ಕೆ ಇಟ್ಟುಕೊಳ್ಳುವುದು, ಹಳೆಯದನ್ನು ತೊಳೆದು ಒರೆಸಿ ಹೊದಿಕೆ ಹೊದಿಸಿ ಕಾರಿನ ಷೆಡ್ಡಿನ ಮೂಲೆಯಲ್ಲಿ ನಿಲ್ಲಿಸುವುದು. ಮಾರಿದ ಪಾಪವಿಲ್ಲ, ಓಡಿಸುವ ಕಷ್ಟವಿಲ್ಲ. ಮಿತ್ರರ ಮನಸ್ಸೂ ಅತ್ತಲೇ ವಾಲಿತ್ತು. ಆದರೆ ಎರಡು ಸ್ಟ್ರೋಕಿನ ಎಂಜಿನ್ನಿನ ಒಳಗನ್ನು ಬಲ್ಲವರು ಈ ಮಾತನ್ನಾಡುವುದಿಲ್ಲ. ನಾಲ್ಕು ಸ್ಟ್ರೋಕಿನ ಎಂಜಿನ್ನಿಗೆ ಎಣ್ಣೆಯ ಕೊಳವೊಂದು ಹೊಟ್ಟೆಯಲ್ಲಿಯೇ ಇರುತ್ತದೆ. ಇದಕ್ಕೆ ಅಂಥ ಕೊಳವಿಲ್ಲ. ಲೀಟರು ಪೆಟ್ರೋಲಿಗೆ 40 ಮಿಲಿಲೀಟರಿನಂತೆ ನಾವು ಬೆರೆಸುವ ಎಣ್ಣೆಯೇ, ಓಡುವಾಗ ಮಂಜಿನಂತೆ ಒಳಹೊಕ್ಕು, ಕ್ರ್ಯಾಂಕಿನ ಬೇರಿಂಗುಗಳನ್ನೂ ಪಿಸ್ಟನ್ನಿನ ಮೈಯನ್ನೂ ಸವರಿ ಹೊಗೆಯಾಗಿ ಹೊರಟುಹೋಗತಕ್ಕದ್ದು. ಅಂದರೆ ಓಡಿದರೆ ಮಾತ್ರ ಅದಕ್ಕೆ ಅಭ್ಯಂಜನ. ನಿಂತ ಗಾಡಿಯಲ್ಲಿ ಪೆಟ್ರೋಲು ಆರಿ, ಎಣ್ಣೆ ಅಂಟಾಗಿ ಕಾರ್ಬುರೇಟರಿನ ಜೆಟ್ಟಿನ ಕಣ್ಣನ್ನು ಮುಚ್ಚುತ್ತದೆ; ಕ್ರ್ಯಾಂಕಿನ ಕೋಣೆಯಲ್ಲಿ ತೇವ ಸೇರಿ ಬೇರಿಂಗು ತುಕ್ಕು ಹಿಡಿಯುತ್ತದೆ; ಆಯಿಲ್ ಸೀಲು ಒಣಗಿ ಬಿರುಸಾಗುತ್ತದೆ. ಎರಡು ವರ್ಷದ ಮೇಲೆ ಮೊಮ್ಮಗನಿಗೆ ತೋರಿಸಲೆಂದು ಹೊದಿಕೆ ತೆಗೆದಾಗ ಮೇಲಿನ ಬಣ್ಣ ಫಳಫಳಿಸುತ್ತಿರುತ್ತದೆ, ಒಳಗಿನದು ಹೋಗಿರುತ್ತದೆ.

ಸರ್ಕಾರಕ್ಕೂ ಈ ಮೂರನೆಯ ದಾರಿಯೇ ಮೆಚ್ಚುಗೆಯಾದಂತಿದೆ. 2021ರಲ್ಲಿ ಕೇಂದ್ರವು ಹೊರಡಿಸಿದ ನಿಯಮದ ಪ್ರಕಾರ, 50 ವರ್ಷ ದಾಟಿದ ವಾಹನಕ್ಕೆ ನಾವು ಬಯಸಿದರೆ 20,000 ರೂಪಾಯಿ ಶುಲ್ಕಕ್ಕೆ 'ವಿಎ' ಎಂಬ ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ. ದೊರೆತ ಮೇಲೆ ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ತುಂಬಿಸುವುದಕ್ಕೆ, ದುರಸ್ತಿಗೆ ಹೊರತಾಗಿ ಅದನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಶಾಲು ಹೊದಿಸಿ ಕುರ್ಚಿಯಲ್ಲಿ ಕೂರಿಸಿ ಇನ್ನು ನೀವು ಏಳಬೇಡಿ ಎಂದ ಹಾಗೆ. ನನ್ನ 1969ರ ಜಾವಾಕ್ಕೆ ಆ ಗೌರವವನ್ನು ನಾನು ಕೋರಲಿಲ್ಲ. ಸಾಮಾನ್ಯ ನೋಂದಣಿಯನ್ನೇ ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಂಡು, ದೇವರಾಜ ಮಾರುಕಟ್ಟೆಯಿಂದ ಬದನೆಕಾಯಿ ತರುವುದಕ್ಕೂ ಅದರಲ್ಲಿಯೇ ಹೋಗುತ್ತೇನೆ.

"ಹಾಗಾದರೆ ಇಟ್ಟುಕೊಳ್ಳಲೇ ಎನ್ನುತ್ತೀರೋ, ಮಾರಲೇ ಎನ್ನುತ್ತೀರೋ?" ಎಂದು ಮಿತ್ರರು ಕೇಳಿದರು. ನಾನು ಎರಡನ್ನೂ ಹೇಳದೆ, ಎಂಜಿನ್ನು ಬಿಚ್ಚಿಸೋಣವೆಂದೆ. ಈ ಜಾತಿಯ ಎಂಜಿನ್ನಿನ ಆಯುಸ್ಸು ಬರೆದಿರುವುದು ಅದರ ಸಿಲಿಂಡರಿನ ಗೋಡೆಯಲ್ಲಿ. ಕಾರ್ಖಾನೆಯಿಂದ ಬಂದಾಗ ಅದರ ಒಳವ್ಯಾಸ 65 ಮಿಲಿಮೀಟರು. ಸವೆದಾಗ ಅದನ್ನು ಕೊರೆದು ಅಗಲಿಸಿ, ಕಾಲು ಕಾಲು ಮಿಲಿಮೀಟರಿನಂತೆ ದಪ್ಪನಾದ ಪಿಸ್ಟನ್ನನ್ನು ಹಾಕುತ್ತ ಬರುತ್ತಾರೆ. ಮೇಸ್ತ್ರಿಗಳ ಮಾತಿನಲ್ಲಿ ಒಂದೊಂದು ಕಾಲು ಮಿಲಿಮೀಟರೂ ಒಂದು 'ಸೈಜು'. ಸೈಜುಗಳೆಲ್ಲ ಮುಗಿದ ಮೇಲೆ ಉಳಿಯುವುದು ಹೊಸ ಸ್ಲೀವು ಕೂರಿಸುವ ಶಸ್ತ್ರಚಿಕಿತ್ಸೆ. ನನ್ನ ಗಾಡಿಯ ಒಂದು ಸೈಜನ್ನು ನಾನು ಕೈಯಾರೆ ಕಳೆದುಕೊಂಡೆ: ಒಮ್ಮೆ ಅವಸರದಲ್ಲಿ ಎಣ್ಣೆ ಬೆರೆಸುವುದನ್ನು ಮರೆತು ಬರಿಯ ಪೆಟ್ರೋಲು ತುಂಬಿಸಿಕೊಂಡು ನಂಜನಗೂಡಿಗೆ ಹೊರಟು, ಕಡಕೊಳದ ಹತ್ತಿರ ಎಂಜಿನ್ನು ಕಚ್ಚಿಕೊಂಡು ಹಿಂದಿನ ಚಕ್ರ ನಿಂತೇಹೋದಾಗ, ಕ್ಲಚ್ಚಿನ ಮೇಲೆ ಬೆರಳಿದ್ದುದರಿಂದ ಬದುಕಿ ಬಂದೆ.

ಮರುದಿನವೇ ಮೇಸ್ತ್ರಿ ಮಿತ್ರರ ಗಾಡಿಯ ಸಿಲಿಂಡರನ್ನು ಇಳಿಸಿದರು. ಮಂಗಳವಾರ ಲೇತಿನ ಅಂಗಡಿಯ ಬಾಗಿಲಲ್ಲಿ ಹಳೆಯ ಪತ್ರಿಕೆಯ ಹಾಳೆಯ ಮೇಲೆ ಅದು ಕುಳಿತಿತ್ತು. ಮಿತ್ರರ ಬೆರಳು ಹಿಡಿದು ಮೇಸ್ತ್ರಿ ಒಳಗೋಡೆಯ ಮೇಲ್ಭಾಗಕ್ಕೆ ಒಯ್ದರು. ರಿಂಗು ಬಂದು ಹಿಂದಿರುಗುವ ಜಾಗದಲ್ಲಿ ಉಗುರಿಗೆ ತಡೆಯುವ ಸಣ್ಣ ಮೆಟ್ಟಿಲೊಂದಿತ್ತು. ನಲವತ್ತು ವರ್ಷ ಏರಿ ಕುಳಿತ ವಾಹನದ ಒಳಗನ್ನು ಮಿತ್ರರು ಮುಟ್ಟಿದ್ದು ಅದೇ ಮೊದಲಿರಬೇಕು. ಬೆರಳನ್ನು ಬಹಳ ಹೊತ್ತು ತೆಗೆಯಲಿಲ್ಲ. ಗೇಜು ಇಳಿಸಿ ನಾಲ್ಕು ಕಡೆ ಅಳೆದ ಮೇಸ್ತ್ರಿ, "ಓವಲ್ ಆಗಿದೆ. ಇನ್ನೊಂದು ಸೈಜು ಬರುತ್ತೆ ಸಾರ್, ಆಮೇಲೆ ಸ್ಲೀವು" ಎಂದರು.

"ಒಂದು ಸೈಜು ಎಷ್ಟು ವರ್ಷ ಬರಬಹುದು?"

"ನಿಮ್ಮ ಮಂಡಿ ಎಷ್ಟು ವರ್ಷ ಬರುತ್ತೆ, ಅಷ್ಟು."

ಮನೆಯವರ ಆಕ್ಷೇಪದ ಮೂಲವೂ ಆ ಎಡಗಾಲಿನ ಮಂಡಿಯೇ ಎಂಬುದನ್ನು ಮಿತ್ರರು ಭಾನುವಾರ ನನ್ನಿಂದ ಮುಚ್ಚಿಟ್ಟಿದ್ದರು. ಈಗ ನಕ್ಕು, ಪರ್ಸು ತೆಗೆದು ಮುಂಗಡವನ್ನೆಣಿಸಿ ಕೊಟ್ಟು, ಪಿಸ್ಟನ್ನು ಯಾವತ್ತು ಬರುತ್ತದೆಂದು ಕೇಳಿಕೊಂಡು, ಹೆಲ್ಮೆಟ್ಟು ಹಾಕಿ ನನ್ನ ಜಾವಾದ ಹಿಂದೆ ಹತ್ತಿ ಕುಳಿತರು. ಎರಡು ಫರ್ಲಾಂಗು ಹೋಗುವುದರೊಳಗೆ ಹಿಂದಿನಿಂದ ಹೆಗಲು ತಟ್ಟಿ, "ಸ್ವಲ್ಪ ನಿಧಾನಿಸಿ. ನಿಮ್ಮದೂ ಗೋಲಿ ಆಡುತ್ತಿರುವ ಹಾಗಿದೆಯಲ್ಲ?" ಎಂದರು.