ಧಾಟಿ ಯಾರದ್ದು, ಹಾಡು ಯಾರದ್ದು?

ಮೀಲಾದ್ ತಿಂಗಳು ಹತ್ತಿರ ಬಂತೆಂದರೆ ನಮ್ಮ ಕರಾವಳಿಯಲ್ಲಿ ಹಾಡು ಬರೆಯುವವರು ದಿಢೀರನೆ ಹೆಚ್ಚುತ್ತಾರೆ. ಮೊಬೈಲಿನಲ್ಲಿ ಕರೋಕೆ ಸಿಗುತ್ತದೆ. ಸಿನಿಮಾ ಹಾಡಿನ ಪದಗಳನ್ನು ತೆಗೆದು ಬೇರೆ ಪದ ತುಂಬಿದರೆ ಕೆಲಸ ಮುಗಿಯಿತು. ಇದನ್ನು ಕಂಡು ಮೂಗು ಮುರಿಯುವವರ ಸಾಲಿನಲ್ಲಿ ನಾವೂ ಇದ್ದೆವು. ಎರವಲು ಧಾಟಿಯಲ್ಲಿ ಸ್ವಂತ ಹಾಡು ಹುಟ್ಟುವುದುಂಟೇ ಎಂದು ಕೇಳುತ್ತಿದ್ದೆವು. ಆ ಪ್ರಶ್ನೆಯೇ ತಪ್ಪಿರಬಹುದೆಂದು ಈಗ ಅನಿಸುತ್ತಿದೆ.

ಬ್ಯಾರಿ ಹಾಡುಗಳ ಮೇಲೆ ಗಾಢ ಪ್ರಭಾವ ಬೀರಿದ ಮಾಪ್ಪಿಳ ಹಾಡುಗಳನ್ನೇ ನೋಡಿ. ಅಲ್ಲಿ ಕವಿ ಮೊದಲು 'ಇಶಲ್' ಆರಿಸಿಕೊಳ್ಳುತ್ತಾನೆ. ಇಶಲ್ ಎಂದರೆ ಎಲ್ಲರಿಗೂ ಗೊತ್ತಿರುವ ಧಾಟಿ. ಆಮೇಲೆ ಪ್ರಾಸದ ನಿಯಮಗಳು. ಸಾಲಿನ ಮೊದಲಕ್ಷರದ ಪ್ರಾಸಕ್ಕೆ ಕಂಬಿ, ಎರಡನೆಯದಕ್ಕೆ ಕಳುತ್ತು, ಕೊನೆಯದಕ್ಕೆ ವಾಲ್‌ಕಂಬಿ. ಕುತ್ತಿಗೆಯೂ ಬಾಲವೂ ಇರುವ ಪ್ರಾಣಿಯಂತೆ ಹಾಡು! ಕೊಂಡೋಟ್ಟಿಯ ಮೋಯಿನ್‌ಕುಟ್ಟಿ ವೈದ್ಯರ್ 1872ರಲ್ಲಿ 'ಬದರುಲ್ ಮುನೀರ್ ಹುಸ್ನುಲ್ ಜಮಾಲ್' ಬರೆದಾಗ ಅವರಿಗೆ ಸುಮಾರು ಇಪ್ಪತ್ತು ವರ್ಷ. ಆ ವಯಸ್ಸಿನಲ್ಲಿ ಅಂಥ ಕಾವ್ಯ ಸಾಧ್ಯವಾದದ್ದು ಪ್ರತಿಭೆಯಿಂದ ಮಾತ್ರವಲ್ಲ, ಕಿವಿಯಲ್ಲಿ ಕೂತಿದ್ದ ಧಾಟಿಗಳಿಂದಲೂ ಹೌದು. ಅವರನ್ನು ಯಾರೂ ನಕಲುಗಾರ ಎನ್ನಲಿಲ್ಲ.

ನಮ್ಮ ಶರೀಫರೂ (1819-1889) ಹೀಗೆಯೇ. ಮೊಹರಮ್ಮಿನ ರಿವಾಯತ್ ಪದಗಳನ್ನು ಕಟ್ಟಿದವರು ಅವರು. ಅದು ಊರಿಗೆ ಊರೇ ಹೆಜ್ಜೆ ಹಾಕಿ ಹಾಡುವ ಹಾಡು. ಅದರ ಮಟ್ಟನ್ನು ಒಬ್ಬರೇ ಕೂತು ಕಂಡುಹಿಡಿಯಬೇಕಿರಲಿಲ್ಲ. ಕಳಸದ ಗೋವಿಂದಭಟ್ಟರು ಗುರುವಾಗಿ ಸಿಕ್ಕರು. ಆದರೆ ಶರೀಫರು ಶರೀಫರಾದದ್ದು ಎದುರಿಗೆ ಕಂಡದ್ದನ್ನು ಬಿಡದೆ ಹಿಡಿದುಕೊಂಡದ್ದರಿಂದ. ಸೋರುವ ಮಾಳಿಗೆ, ಗಿರಣಿ, ತೇರು, ಕೋಳಿ ಯಾವುದನ್ನೂ ಅವರು ಅಲಂಕಾರಕ್ಕೆಂದು ತರುವುದಿಲ್ಲ. ಮಾಳಿಗೆ ಮೊದಲು ನಿಜವಾಗಿಯೂ ಸೋರುತ್ತದೆ. ಹತ್ತಿ ಸರಿಮಾಡಲು ಆಗದವನ ಸಂಕಟವೂ ನಿಜವೇ. ತತ್ವ ಆಮೇಲೆ ಬರುತ್ತದೆ. ಇನ್ನು ತಂಬೂರಿಯ ಪದವಂತೂ ಸ್ವರ ಒಲಿಯದೆ ಬಾರಿಸಹೊರಟವನಿಗೆ ಹೇಳಿದ ಖಡಕ್ ಮಾತು. ಅದನ್ನು ದೇಹತತ್ವವಾಗಿ ಓದುವವರು ಓದಲಿ, ಹಾಡು ಕಲಿಯುವ ಹುಡುಗರು ಅದನ್ನು ನೇರವಾಗಿ ಕೇಳಿಸಿಕೊಂಡರೂ ತಪ್ಪಿಲ್ಲ.

ಒಂದು ತಮಾಷೆ ನೋಡಿ. ಇಂದು ನಮ್ಮಲ್ಲಿ ಬಹಳ ಜನರ ಕಿವಿಯಲ್ಲಿರುವ ಶರೀಫರ ಧಾಟಿ ಸಿ. ಅಶ್ವಥ್ ಅವರದ್ದು. ನಾಗಾಭರಣರ ಚಿತ್ರ (1990) ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲಿ ಅವೇ ಪದಗಳಿಗೆ ಬೇರೆಯೇ ಮಟ್ಟು. ಧಾಟಿ ಬದಲಾಗಿಯೂ ಹಾಡು ಶರೀಫರದ್ದಾಗಿಯೇ ಉಳಿದಿದೆ.

ಹಾಗಾದರೆ ನಮ್ಮ ಹುಡುಗರ ಹಾಡಿನಲ್ಲಿ ಕೊರತೆ ಎಲ್ಲಿ? ಧಾಟಿಯಲ್ಲಿ ಅಲ್ಲ, ಪದಗಳಲ್ಲಿ. ಅದೇ ಚಂದಿರ, ಅದೇ ಗುಲಾಬಿ, ಅದೇ ಮದೀನದ ತಂಗಾಳಿ. ನಾಲ್ಕು ಮಂದಿಯ ಹಾಡುಗಳನ್ನು ಕಲಸಿಟ್ಟರೆ ಯಾವುದು ಯಾರದೆಂದು ಬರೆದವರಿಗೇ ತಿಳಿಯದು. ಸ್ತುತಿಗೀತೆ ಸಮುದಾಯದ್ದು, ಅಲ್ಲಿ ಎಲ್ಲರ ಮಾತೇ ಇರಬೇಕು ಎನ್ನುವವರಿದ್ದಾರೆ. ಅದರಲ್ಲಿ ಹುರುಳಿದೆ, ನಾವು ಒಪ್ಪುತ್ತೇವೆ. ಆದರೆ ಉಮ್ಮನ ಬಗ್ಗೆ ಬರೆದ ಹಾಡಿನಲ್ಲೂ ಉಮ್ಮನ ಬದಲು ಚಂದಿರನೇ ಕೂತರೆ ಹೇಗೆ?

ಇತ್ತೀಚೆಗೆ ಒಬ್ಬ ಯುವಕ ಅಂಥದ್ದೇ ಒಂದು ಹಾಡನ್ನು ನಮಗೆ ತೋರಿಸಿದ. ಇಪ್ಪತ್ತು ಸಾಲು. ಹತ್ತೊಂಬತ್ತರಲ್ಲಿ ಹೊಸತೇನಿಲ್ಲ. ಒಂದರಲ್ಲಿ ಮಾತ್ರ, ರಾತ್ರಿ ಉಮ್ಮ ಬೀಡಿ ಎಲೆ ಕತ್ತರಿಸುವ ಸದ್ದು ಕೇಳುತ್ತ ನಿದ್ದೆ ಹೋದದ್ದು ಬಂದಿತ್ತು. ಆ ಸಾಲನ್ನು ಪ್ರಾಸ ಕೂಡುವುದಿಲ್ಲವೆಂದು ಅವನೇ ಹೊಡೆದುಹಾಕಿದ್ದ. ಅದನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆಯಪ್ಪ, ಕತ್ತರಿಯ ಲಯದಲ್ಲೇ ಮತ್ತೆ ಶುರು ಮಾಡು ಎಂದೆವು. ಅವನ ಮುಖ ಸಣ್ಣದಾಯಿತು. ಆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದವನು ಇನ್ನೂ ಮರಳಿಲ್ಲ.