ಗಣಕದ ಬೇಸ್‌ಬಾಲ್: ಪಿಚರ್‌ನ ಅಂಕಗಳನ್ನು ಎಷ್ಟು ನಂಬಬಹುದು?

ಬೇಸ್‌ಬಾಲ್ ನಮ್ಮ ಶಾಲಾ ಮೈದಾನಗಳ ಆಟವಲ್ಲ. ಆದರೆ ಸಂಭವನೀಯತೆಯ ಪಾಠಕ್ಕೆ ನಾಣ್ಯ, ದಾಳಗಳಾಚೆಗೆ ಇನ್ನೊಂದು ಉದಾಹರಣೆ ಹುಡುಕುವ ಶಿಕ್ಷಕರು ‘ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್’ ಎಂಬ ಗಣಕ ಆಟವನ್ನೊಮ್ಮೆ ಗಮನಿಸಬೇಕು. ಜರ್ಮನಿಯ ಮಾರ್ಕುಸ್ ಹೈನ್‌ಸೋನ್ ರೂಪಿಸಿದ ಇದರ ಮೊದಲ ಆವೃತ್ತಿ ಹೊರಬಂದದ್ದು 1999ರಲ್ಲಿ. ಇಲ್ಲಿ ನೀವು ಚೆಂಡು ಎಸೆಯುವುದಿಲ್ಲ, ಬ್ಯಾಟು ಬೀಸುವುದೂ ಇಲ್ಲ. ತಂಡದ ವ್ಯವಸ್ಥಾಪಕರಾಗಿ ಯಾರನ್ನು ಕೊಳ್ಳಬೇಕು, ಯಾರನ್ನು ಆಡಿಸಬೇಕು ಎಂದು ತೀರ್ಮಾನಿಸುತ್ತೀರಿ. ಪಂದ್ಯವನ್ನು ಗಣಕವು ಯಾದೃಚ್ಛಿಕ ಸಂಖ್ಯೆಗಳ ನೆರವಿನಿಂದ ನಡೆಸುತ್ತದೆ. ನಿಮ್ಮ ತೀರ್ಮಾನಕ್ಕೆ ಆಧಾರವಾಗಿ ಪ್ರತಿ ಆಟಗಾರನ ಹೆಸರಿನ ಮುಂದೆ ಕೆಲವು ಅಂಕಗಳಿರುತ್ತವೆ. ಪಿಚರ್‌ಗೆ, ಎಂದರೆ ಚೆಂಡು ಎಸೆಯುವವನಿಗೆ, ಕೊಟ್ಟ ಅಂಕಗಳನ್ನು ಇಲ್ಲಿ ಪರೀಕ್ಷಿಸೋಣ.

ಕ್ರಿಕೆಟ್ ಬಲ್ಲವರಿಗೆ ಮೂರು ಪದಗಳ ಪರಿಚಯ ಸಾಕು. ಬ್ಯಾಟರ್ ಮೂರು ‘ಸ್ಟ್ರೈಕ್’ಗಳಿಗೆ ಸೋತು ಔಟಾಗುವುದು ಸ್ಟ್ರೈಕ್‌ಔಟ್. ಗುರಿವಲಯದ ಹೊರಗೆ ಬಂದ ನಾಲ್ಕು ಚೆಂಡುಗಳನ್ನು ಆತ ಬೀಸದೆ ಬಿಟ್ಟರೆ ಮೊದಲ ಬೇಸ್ ಪುಕ್ಕಟೆಯಾಗಿ ದಕ್ಕುತ್ತದೆ, ಅದು ವಾಕ್. ಚೆಂಡನ್ನು ಬೇಲಿಯಾಚೆ ಹಾರಿಸಿದರೆ ಹೋಮ್ ರನ್, ನಮ್ಮ ಸಿಕ್ಸರ್‌ನ ಅಣ್ಣ. ಈ ಮೂರರಲ್ಲೂ ಫೀಲ್ಡರ್‌ಗಳಿಗೆ ಕೆಲಸವಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ. ಮುಂದಿನ ವಾದವೆಲ್ಲ ನಿಂತಿರುವುದು ಅದರ ಮೇಲೆ.

ಆಟದಲ್ಲಿ ಪಿಚರ್‌ಗೆ ಮುಖ್ಯವಾಗಿ ಮೂರು ಅಂಕಗಳಿವೆ. ‘ಸ್ಟಫ್’ ಸ್ಟ್ರೈಕ್‌ಔಟ್‌ಗಳನ್ನೂ, ‘ಕಂಟ್ರೋಲ್’ ವಾಕ್‌ಗಳನ್ನೂ, ‘ಮೂವ್‌ಮೆಂಟ್’ ಹೋಮ್ ರನ್‌ಗಳನ್ನೂ ನಿರ್ಧರಿಸುತ್ತದೆ. ಅಂಕಗಳನ್ನು 20ರಿಂದ 80ರ ಮಾಪಕದಲ್ಲಿ ನೋಡಬಹುದು. ಪ್ರತಿಭೆಯನ್ನು ಹುಡುಕಿ ಅಲೆಯುವ ಬೇಸ್‌ಬಾಲ್ ಪರಿವೀಕ್ಷಕರು ಬಹುಕಾಲದಿಂದ ಬಳಸುವ ಮಾಪಕವಿದು. ಅದರಲ್ಲಿ 50 ಎಂದರೆ ಸರಾಸರಿ. ಪ್ರತಿ 10 ಅಂಕ ಒಂದು ಮಾನಕ ವಿಚಲನೆ ಎಂಬುದು ವಾಡಿಕೆಯ ಅರ್ಥ. ಹಂಚಿಕೆ ಸಾಮಾನ್ಯ ವಕ್ರರೇಖೆಯಂತಿದ್ದರೆ 60 ಪಡೆದವನು ಶೇ. 84ರಷ್ಟು ಜನರಿಗಿಂತ ಮೇಲು, 70 ಪಡೆದವನು ಶೇ. 98ರಷ್ಟು ಜನರಿಗಿಂತ ಮೇಲು. ಎಂದರೆ 50ರಿಂದ 60ಕ್ಕೆ ಏರಿದವನು ದಾಟುವಷ್ಟು ಜನರನ್ನು 60ರಿಂದ 70ಕ್ಕೆ ಏರಿದವನು ದಾಟುವುದಿಲ್ಲ.

ಪಿಚರ್ ಎಷ್ಟು ರನ್ ಕೊಟ್ಟ ಎಂಬ ಒಂದೇ ಸಂಖ್ಯೆ ಸಾಕಿತ್ತಲ್ಲ, ಮೂರು ಏಕೆ ಎಂದು ನೀವು ಕೇಳಬಹುದು. ಆಟ ರೂಪಿಸುವವರಿಗೆ ಈ ತೊಡಕು ಹಳೆಯದು. 1961ರಲ್ಲಿ ಹ್ಯಾಲ್ ರಿಚ್‌ಮನ್ ಹೊರತಂದ ‘ಸ್ಟ್ರಾಟ್-ಓ-ಮ್ಯಾಟಿಕ್’ ಎಂಬ ದಾಳದಾಟದಲ್ಲಿ ಅರ್ಧ ಸಲ ಬ್ಯಾಟರ್‌ನ ಚೀಟಿಯಿಂದಲೂ ಅರ್ಧ ಸಲ ಪಿಚರ್‌ನ ಚೀಟಿಯಿಂದಲೂ ಫಲಿತಾಂಶ ಬರುತ್ತಿತ್ತು. ಹೊಣೆಯನ್ನು ಹೀಗೆ ಹಂಚುವುದೇ ಒಂದು ಸಿದ್ಧಾಂತ. 2001ರಲ್ಲಿ ಅಮೆರಿಕದ ವೊರೊಸ್ ಮೆಕ್ರಾಕನ್ ಈ ಹಂಚಿಕೆಯನ್ನೇ ಪ್ರಶ್ನಿಸಿದರು. ಬ್ಯಾಟಿಗೆ ತಾಗಿ ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಸುಮಾರು ಶೇ. 30 ‘ಹಿಟ್’ ಆಗುತ್ತವೆ, ಉಳಿದವು ಬಹುಮಟ್ಟಿಗೆ ಔಟ್. ಒಬ್ಬ ಪಿಚರ್‌ನ ಸ್ಟ್ರೈಕ್‌ಔಟ್ ಪ್ರಮಾಣ ವರ್ಷದಿಂದ ವರ್ಷಕ್ಕೆ ಸಾಕಷ್ಟು ಸ್ಥಿರವಾಗಿರುತ್ತದೆ. ಆದರೆ ಈ ಶೇ. 30ರ ಲೆಕ್ಕ ಮಾತ್ರ ಎಲ್ಲೆಂದರಲ್ಲಿ ಕುಣಿಯುತ್ತದೆ. ಆದ್ದರಿಂದ ಇದರಲ್ಲಿ ಪಿಚರ್‌ನ ಕೌಶಲಕ್ಕಿಂತ ಫೀಲ್ಡರ್‌ಗಳದೂ ಅದೃಷ್ಟದ್ದೂ ಪಾಲು ದೊಡ್ಡದು ಎಂದು ಅವರು ವಾದಿಸಿದರು. ಮೂರು ಅಂಕಗಳ ಏರ್ಪಾಡು ಈ ವಾದಕ್ಕೆ ಹೊಂದುತ್ತದೆ.

ಬಾಸ್ಟನ್ ರೆಡ್ ಸಾಕ್ಸ್ ತಂಡದ ಪೆಡ್ರೊ ಮಾರ್ಟಿನೆಝ್‌ನ ಎರಡು ಋತುಗಳನ್ನು ಹೋಲಿಸಿ ನೋಡಿ. ಒಂಬತ್ತು ಇನಿಂಗ್ಸ್‌ಗೆ ಆತ ಕೊಟ್ಟ ರನ್‌ಗಳ ಸರಾಸರಿ, ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟು, 1999ರಲ್ಲಿ 2.07. 2000ದಲ್ಲಿ ಅದು 1.74ಕ್ಕೆ ಇಳಿಯಿತು. ಹಾಗಾದರೆ 2000ದ ಪೆಡ್ರೊ ಮೇಲೆನ್ನೋಣವೆ? ಬಿಡಿಸಿ ನೋಡಿದರೆ ಚಿತ್ರ ಬದಲಾಗುತ್ತದೆ. ಸ್ಟ್ರೈಕ್‌ಔಟ್‌ಗಳು 313ರಿಂದ 284ಕ್ಕೆ ಇಳಿದವು. ವಾಕ್‌ಗಳು 37ರಿಂದ 32ಕ್ಕೆ ಬಂದವು. ಇದಷ್ಟೇ ಅಲ್ಪ ಸುಧಾರಣೆ. ಹೋಮ್ ರನ್‌ಗಳು 9ರಿಂದ 17ಕ್ಕೆ ಏರಿದವು. ಮತ್ತೆ ರನ್ ಇಳಿದದ್ದು ಹೇಗೆ? 1999ರಲ್ಲಿ ಮೈದಾನದೊಳಗೆ ಬಿದ್ದ 467 ಚೆಂಡುಗಳಲ್ಲಿ 151 ಹಿಟ್ ಆದವು, ಎಂದರೆ ಶೇ. 32. 2000ದಲ್ಲಿ 470ರಲ್ಲಿ ಆದದ್ದು ಬರೀ 111, ಶೇ. 24ಕ್ಕೂ ಕಡಿಮೆ.

ಈಗ ಆಟದ ಕಡೆಗೆ ಬರೋಣ. ಹಳೆಯ ಆಟಗಾರರನ್ನು ಆಟದೊಳಗೆ ತಂದಾಗ ಅವರ ಅಂಕಗಳನ್ನು ಗಣಕ ನಿಜ ದಾಖಲೆಗಳಿಂದಲೇ ಲೆಕ್ಕ ಹಾಕುತ್ತದೆ. ಒಂದೇ ಋತುವಿನ ದಾಖಲೆ ಸಾಕೆ, ಮೂರು ಋತುಗಳದು ಬೇಕೆ ಎಂಬ ಆಯ್ಕೆ ನಿಮ್ಮದು. ಒಂದೇ ಋತುವನ್ನು ಆರಿಸಿದರೆ 1999ರ ಪೆಡ್ರೊನ ‘ಮೂವ್‌ಮೆಂಟ್’ 2000ದ ಪೆಡ್ರೊನದಕ್ಕಿಂತ ಬಹಳ ಮೇಲಿರಬೇಕಾಗುತ್ತದೆ: 9 ಎಲ್ಲಿ, 17 ಎಲ್ಲಿ! ಆದರೆ ಈ ವ್ಯತ್ಯಾಸ ಕೌಶಲದ್ದೇ? ವಿರಳ ಘಟನೆಗಳ ಎಣಿಕೆಯಲ್ಲಿ ಸಹಜ ಏರಿಳಿತ ಸುಮಾರಾಗಿ ಎಣಿಕೆಯ ವರ್ಗಮೂಲದಷ್ಟಿರುತ್ತದೆ. 9 ಮತ್ತು 17ರ ಮೊತ್ತ 26. ಎರಡರ ಅಂತರದ ಮಾನಕ ವಿಚಲನೆ 26ರ ವರ್ಗಮೂಲ, ಸುಮಾರು 5.1. ಕಂಡ ಅಂತರ 8. ಅದು ಮಾನಕ ವಿಚಲನೆಯ ಒಂದೂವರೆ ಪಟ್ಟು ಮಾತ್ರ. ಕೌಶಲ ಒಂದಿಷ್ಟೂ ಬದಲಾಗದೆ ಇಷ್ಟು ಅಂತರ ಬರುವುದು ಅಚ್ಚರಿಯಲ್ಲ. ಆಟವು ಮಾತ್ರ ಅದನ್ನು ಆಟಗಾರನ ಗುಣವೆಂದು ಮುದ್ರೆಯೊತ್ತಿ, ಇಡೀ ಋತು ಅದೇ ಅಂಕದಿಂದ ಹೋಮ್ ರನ್‌ಗಳನ್ನು ಹುಟ್ಟಿಸುತ್ತದೆ. ನನ್ನ ಮುಖ್ಯ ಆಕ್ಷೇಪ ಇದೇ: ಆಟದೊಳಗೆ ಅಂಕ ಕಾರಣ, ದಾಖಲೆ ಪರಿಣಾಮ; ನಿಜ ಜೀವನದಲ್ಲಿ ನಮಗೆ ಸಿಗುವುದು ಪರಿಣಾಮ ಮಾತ್ರ, ಅದೂ ಒಂದೇ ಸಲ. ಪರಿಣಾಮದಿಂದ ಕಾರಣಕ್ಕೆ ಹಿಂದೆ ನಡೆಯುವಾಗ ದೋಷದ ಮಿತಿಯನ್ನೂ ಜೊತೆಗೆ ಒಯ್ಯಬೇಕು. ಅಂಕದ ಪಕ್ಕದಲ್ಲಿ ಆ ಮಿತಿ ಕಾಣುವುದಿಲ್ಲ. (ಪರೀಕ್ಷೆಯಲ್ಲಿ 74ಕ್ಕೂ 76ಕ್ಕೂ ವ್ಯತ್ಯಾಸ ಕಾಣುವ ನಾವು ಆಟವನ್ನಷ್ಟೇ ದೂರುವಂತಿಲ್ಲ.)

ತಮಾಷೆಯೆಂದರೆ, ಅದೃಷ್ಟಕ್ಕೆ ಬಿಟ್ಟ ಭಾಗದಲ್ಲೇ ಅತಿ ದೊಡ್ಡ ವ್ಯತ್ಯಾಸವಿದೆ. ಶೇ. 30ರ ಲೆಕ್ಕದಲ್ಲಿ 470 ಚೆಂಡುಗಳಿಗೆ 141 ಹಿಟ್ ಬರಬೇಕು, ಮಾನಕ ವಿಚಲನೆ 10. ಪೆಡ್ರೊನ 111 ಅದಕ್ಕಿಂತ ಮೂರು ವಿಚಲನೆ ಕೆಳಗೆ. ಬರೀ ಅದೃಷ್ಟದಿಂದ ಇಂಥದು ಸುಮಾರು 700 ಸಲಕ್ಕೊಮ್ಮೆ ಆದೀತು. ಹಾಗೆಂದು ಕೌಶಲವೇ ಎಂದು ತೀರ್ಮಾನಿಸಲು ಆತುರಪಡಬೇಡಿ. 30 ತಂಡಗಳಲ್ಲಿ ತಲಾ ಐವರಂತೆ ಪಂದ್ಯ ಆರಂಭಿಸುವ ಪಿಚರ್‌ಗಳು ವರ್ಷಕ್ಕೆ 150 ಮಂದಿ. ಐದಾರು ವರ್ಷಕ್ಕೊಮ್ಮೆ ಯಾರಿಗಾದರೂ ಈ ಯೋಗ ಬರಲೇಬೇಕು, ಮತ್ತು ಉದಾಹರಣೆ ಹುಡುಕುವ ಲೇಖಕರು ಆರಿಸುವುದು ಅಂಥವನನ್ನೇ! ಮೇಲಾಗಿ ಫೀಲ್ಡರ್‌ಗಳೂ ಎದುರಾಳಿಗಳೂ ಬದಲಾಗುತ್ತಿರುತ್ತಾರೆ. ಇನ್ನೊಂದು ಕಡೆ, ‘ಡೈಮಂಡ್ ಮೈಂಡ್’ ಎಂಬ ಮತ್ತೊಂದು ಬೇಸ್‌ಬಾಲ್ ಅನುಕರಣ ಆಟದ ನಿರ್ಮಾತೃ ಟಾಮ್ ಟಿಪ್ಪೆಟ್ 2003ರಲ್ಲಿ ದಶಕಗಳ ದಾಖಲೆಗಳನ್ನು ಜಾಲಾಡಿ, ಪಿಚರ್‌ನ ಪ್ರಭಾವ ಇಲ್ಲಿ ಸಣ್ಣದಾದರೂ ಶೂನ್ಯವಲ್ಲ ಎಂದು ತೋರಿಸಿದರು. ಚೆಂಡು ತಿರುಗದಂತೆ ಎಸೆಯುವ ‘ನಕಲ್‌ಬಾಲ್’ ಪಟುಗಳಲ್ಲಿ ಅದು ಹೆಚ್ಚು ಸ್ಪಷ್ಟ. ಔಟ್ ಆಫ್ ದ ಪಾರ್ಕ್‌ನ ಈಚಿನ ಆವೃತ್ತಿಗಳು ‘ಮೂವ್‌ಮೆಂಟ್’ ಅನ್ನು ಎರಡಾಗಿ ಸೀಳಿ, ಹೋಮ್ ರನ್ ತಡೆಗೊಂದು, ಮೈದಾನದೊಳಗಿನ ಹಿಟ್‌ಗಳಿಗೊಂದು ಅಂಕ ಕೊಟ್ಟಿವೆ. ಸಾಕ್ಷ್ಯ ಬದಲಾದಾಗ ಮಾದರಿಯೂ ಬದಲಾಗಬೇಕು. ಈ ಮಟ್ಟಿಗೆ ಆಟ ಮೆಚ್ಚತಕ್ಕದ್ದು.

ಎಲ್ಲ ಅಂಕಗಳನ್ನು ಕಲಸಿ ಕೊಡುವ ನಕ್ಷತ್ರಗಳ ಒಟ್ಟು ದರ್ಜೆ ನನಗೆ ಹಿಡಿಸುವುದಿಲ್ಲ. ತುಂಬ ಸ್ಟ್ರೈಕ್‌ಔಟ್ ಮಾಡಿ ತುಂಬ ವಾಕ್ ಕೊಡುವವನೂ, ಎರಡೂ ಕಡಿಮೆ ಇರುವವನೂ ಅಲ್ಲಿ ಅವಳಿಗಳಾಗಿಬಿಡುತ್ತಾರೆ. ಆದರೆ ಅವರಿಬ್ಬರಲ್ಲಿ ಎರಡನೆಯವನಿಗೆ ಒಳ್ಳೆಯ ಫೀಲ್ಡರ್‌ಗಳು ಬೇಕು, ಮೊದಲನೆಯವನಿಗೆ ಅಷ್ಟಾಗಿ ಬೇಡ. 50 ಎಂಬುದು ಕೂಡ ಆಯಾ ಕಾಲದ ಸರಾಸರಿ ಎಂಬುದನ್ನು ಮರೆಯಬಾರದು. ಅಮೆರಿಕದ ಪ್ರಮುಖ ಲೀಗ್‌ಗಳಲ್ಲಿ 1999ರಲ್ಲಿ ಪಂದ್ಯವೊಂದಕ್ಕೆ ಒಂದು ತಂಡದ ಸ್ಟ್ರೈಕ್‌ಔಟ್‌ಗಳು ಸುಮಾರು 6.4 ಇದ್ದವು, 2019ರಲ್ಲಿ 8.8.

ಆಟದ ಒಂದು ಗುಣವನ್ನು ಮಾತ್ರ ಮನಸಾರೆ ಹೊಗಳಬೇಕು. ನೀವು ಕಾಣುವ ಅಂಕ ಆಟಗಾರನ ನಿಜವಾದ ಅಂಕವಲ್ಲ, ನಿಮ್ಮ ಪರಿವೀಕ್ಷಕನ ಅಂದಾಜು. ಅದರಲ್ಲಿ ದೋಷವಿರುತ್ತದೆ. ಬೇಡವೆಂದರೆ ಈ ಏರ್ಪಾಡನ್ನು ನಿಲ್ಲಿಸಿ ನಿಜ ಅಂಕಗಳನ್ನೇ ನೋಡುತ್ತ ಆಡಬಹುದು. ಆಗ ಆಟ ಸಲೀಸು, ಆದರೆ ವಿಜ್ಞಾನದ ಸ್ವಾರಸ್ಯ ಅಲ್ಲಿಗೆ ಮುಗಿಯಿತು.

ಆಟ ಕೊಳ್ಳದೆಯೂ ನೀವು ತರಗತಿಯಲ್ಲಿ ಇದನ್ನು ಪರೀಕ್ಷಿಸಬಹುದು. ಗಣಕದ ಕೋಷ್ಟಕ ತಂತ್ರಾಂಶದಲ್ಲಿ 470 ಮನೆಗಳಿಗೆ 0 ಮತ್ತು 1ರ ನಡುವಿನ ಯಾದೃಚ್ಛಿಕ ಸಂಖ್ಯೆಗಳನ್ನು ತುಂಬಿಸಿ, 0.3ಕ್ಕಿಂತ ಕಡಿಮೆ ಇರುವವನ್ನು ಹಿಟ್ ಎಂದು ಎಣಿಸಿ. ಮತ್ತೆ ತುಂಬಿಸಿ, ಮತ್ತೆ ಎಣಿಸಿ. 40 ವಿದ್ಯಾರ್ಥಿಗಳು ತಲಾ ಹತ್ತು ಸಲ ಮಾಡಿದರೆ 400 ‘ಋತು’ಗಳಾಗುತ್ತವೆ. 131ರಿಂದ 151ರವರೆಗಿನ ಎಣಿಕೆಗಳು ಮೂರರಲ್ಲಿ ಎರಡು ಪಾಲು ಬಂದಾವು. 120 ಕೂಡ ಆಗೀಗ ಇಣುಕೀತು. 111 ಅಥವಾ ಅದಕ್ಕಿಂತ ಕಡಿಮೆ ಒಮ್ಮೆಯಾದರೂ ಬರುವುದಕ್ಕೂ ಒಮ್ಮೆಯೂ ಬಾರದಿರುವುದಕ್ಕೂ ಹೆಚ್ಚುಕಡಿಮೆ ಸಮಾನ ಅವಕಾಶ.