ಮೊದಲ ಸ್ಲೈಡಿನ ಹಳ್ಳಿ

ಬಯೋಮೆಡಿಕಲ್ ಇಂಜಿನಿಯರಿಂಗ್ ಪಿಎಚ್‌ಡಿ ಸೆಮಿನಾರುಗಳ ಮೊದಲ ಸ್ಲೈಡು ಬಹುತೇಕ ಒಂದೇ ಥರ ಇರುತ್ತದೆ. ಒಂದು ಹಳ್ಳಿಯ ಫೋಟೋ. ತಲೆ ಮೇಲೆ ಕೊಡ ಹೊತ್ತ ಹೆಣ್ಣುಮಗಳು, ಇಲ್ಲವೇ ಕಟ್ಟೆ ಮೇಲೆ ಕುಂತ ಮುದುಕ. ಪಕ್ಕದಲ್ಲಿ ಎರಡು ಸಾಲು: ದೇಶದ ಹೆಚ್ಚಿನ ಜನ ಹಳ್ಳಿಯಲ್ಲಿದ್ದಾರೆ, ಅವರಿಗೆ ತಜ್ಞ ಡಾಕ್ಟರು ಸಿಗುವುದಿಲ್ಲ, ಆದ್ದರಿಂದ ಅಗ್ಗದ ಸಾಧನ ಬೇಕು. ಎರಡನೇ ಸ್ಲೈಡಿಗೆ ಹಳ್ಳಿ ಮಾಯ. ಮುಂದಿನ ಮುಕ್ಕಾಲು ಗಂಟೆ ಸರ್ಕ್ಯೂಟು, ಸಮೀಕರಣ, ಗ್ರಾಫು. ಕೊನೇ ಸ್ಲೈಡಿನಲ್ಲಿ ‘ಮುಂದಿನ ಕೆಲಸ’ ಅಂತ ಒಂದು ತಲೆಬರಹ, ಅದರ ಕೆಳಗೆ ‘ರೋಗಿಗಳ ಮೇಲೆ ಪರೀಕ್ಷೆ’. ಚಪ್ಪಾಳೆ. ಚಹಾ, ಬಿಸ್ಕೀಟು.

ನಾನು ಪಿಎಚ್‌ಡಿ ಮಾಡಿದವನಲ್ಲ, ಬರೀ ಬಿಇ. ಕುಷ್ಟಗಿ ತಾಲ್ಲೂಕಿನ ಹಳ್ಳಿಯವನು, ಗಂಗಾವತಿಯಲ್ಲಿ ಪಿಯುಸಿ ಓದಿದವನು. ಈಗ ಬೆಂಗಳೂರಿನಲ್ಲಿ ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳನ್ನು ಡಾಕ್ಟರಿಗೆ ತೋರಿಸುವ ಸಾಫ್ಟ್‌ವೇರ್ ಬರೆಯುವ ಕಂಪನಿಯಲ್ಲಿದ್ದೇನೆ. ಇಂಥ ಸೆಮಿನಾರುಗಳು ಬಹಳಷ್ಟು ಕಡೆ ಹೊರಗಿನವರಿಗೂ ತೆರೆದಿರುತ್ತವೆ. ಹಿಂದಿನ ಸಾಲಿನಲ್ಲಿ ಕೂತು ಕೇಳಿದರೆ ಯಾರೂ ‘ನೀವ್ಯಾರು’ ಅನ್ನುವುದಿಲ್ಲ. 2020ರ ನಂತರ ಆನ್‌ಲೈನ್ ಆದಮೇಲಂತೂ ಊರಿನ ಮನೆಯ ಪಡಸಾಲೆಯಲ್ಲೇ ಕೂತು ಕೇಳಿದ್ದೇನೆ. ಹೀಗೆ ಬೇರೆ ಬೇರೆ ಸಂಸ್ಥೆಗಳದ್ದು ಸೇರಿ ಐವತ್ತರ ಮೇಲೆ ಆಗಿವೆ. ಸಿನಿಮಾಗೆ ವಿಮರ್ಶೆ ಇದೆ, ನಾಟಕಕ್ಕಿದೆ, ಹೋಟೆಲ್ ದೋಸೆಗೂ ಇದೆ. ಸೆಮಿನಾರೂ ಒಂದು ಪ್ರದರ್ಶನವೇ, ಅದಕ್ಕೂ ಒಂದಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯ ಮಾತು. ಈ ಹುಡುಗ-ಹುಡುಗಿಯರ ದುಡಿಮೆ ಸಣ್ಣದಲ್ಲ. ಬಯೋಮೆಡಿಕಲ್ ಅಂದರೆ ಎರಡು ಮನೆಯ ಸಂಸಾರ. ಒಂದು ಕಡೆ ಜೀವಕೋಶ, ಇನ್ನೊಂದು ಕಡೆ ಎಲೆಕ್ಟ್ರಾನಿಕ್ಸು. ಬೆಂಗಳೂರಿನ ಐಐಎಸ್‌ಸಿಯ ಬಯೋಇಂಜಿನಿಯರಿಂಗ್ ಪಿಎಚ್‌ಡಿಯಲ್ಲಿ ಒಬ್ಬ ವಿದ್ಯಾರ್ಥಿಗೆ ಬೇರೆ ಬೇರೆ ವಿಭಾಗದ ಇಬ್ಬರು ಗೈಡ್ ಇರುವ ಪದ್ಧತಿಯೇ ಇದೆ. ಪ್ರಬಂಧ ಒಪ್ಪಿಸುವ ಮುಂಚೆ ಎಲ್ಲರೆದುರು ನಿಂತು ಕೊಲೋಕ್ವಿಯಂ ಕೊಡಬೇಕು. ಐದಾರು ವರ್ಷದ ಕೆಲಸವನ್ನು ಒಂದು ತಾಸಿನಲ್ಲಿ ಹೇಳೋದು ಹುಡುಗಾಟಲ್ಲ. ಕೈ ನಡುಗುವುದನ್ನು, ಲೇಸರ್ ಪಾಯಿಂಟರಿನ ಕೆಂಪು ಚುಕ್ಕಿ ಗೋಡೆ ಮೇಲೆ ಕುಣಿಯುವುದನ್ನು ನೋಡಿದ್ದೇನೆ. ನನ್ನ ತಕರಾರು ಅವರ ಮೇಲಲ್ಲ, ಸೆಮಿನಾರು ಅನ್ನುವ ಆಟದ ನಿಯಮದ ಮೇಲೆ.

ಈ ಆಟದ ಹೀರೋ ಒಂದು ಸಂಖ್ಯೆ. ನಿಖರತೆ ಶೇಕಡ 94, ಹಿಂದಿನವರದ್ದು 91, ನಮ್ಮದು ಮೇಲೆ. ಸಭೆ ತಲೆದೂಗುತ್ತದೆ. ಆ ಸಂಖ್ಯೆ ಯಾರ ಮೈಯಿಂದ ಬಂತು, ಅದು ಏರಿದರೆ ಆ ಮನುಷ್ಯನಿಗೆ ಸುಖ ಆಗುತ್ತದಾ ಅನ್ನುವ ಪ್ರಶ್ನೆ ಮಾತ್ರ ಅಪರೂಪ. ನಮ್ಮ ಆಫೀಸಿನ ಕೋಡ್ ರಿವ್ಯೂನಲ್ಲಿ ಹೊಸದಾಗಿ ಸೇರಿದ ಹುಡುಗಿ ಕೂಡ ‘ಸರ್, ಈ ಟೆಸ್ಟ್ ಡೇಟಾ ಎಲ್ಲಿಂದ ತಂದ್ರಿ’ ಅಂತ ಕೇಳುತ್ತಾಳೆ. ಒಬ್ಬನೇ ರೋಗಿಯ ಹತ್ತು ಚಿತ್ರಗಳಲ್ಲಿ ಎಂಟನ್ನು ಕಲಿಸಲಿಕ್ಕೆ, ಎರಡನ್ನು ಪರೀಕ್ಷೆಗೆ ಇಟ್ಟರೆ ನಿಖರತೆ ತಾನಾಗಿಯೇ ಏರುತ್ತದೆ. ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ಮಾಡಿದ ಹಾಗೆ.

2018ರಲ್ಲಿ ಪ್ಲಾಸ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಈ ವಿಷಯದಲ್ಲಿ ನನಗೆ ಬಹಳ ಇಷ್ಟ. ನ್ಯೂಯಾರ್ಕಿನ ಮೌಂಟ್ ಸೈನೈ ಆಸ್ಪತ್ರೆಯಲ್ಲಿದ್ದ ಜಾನ್ ಜೆಕ್ ಮತ್ತು ಸಂಗಡಿಗರು ಎದೆ ಎಕ್ಸ್‌ರೇ ನೋಡಿ ನ್ಯುಮೋನಿಯಾ ಹಿಡಿಯುವ ಮಾಡೆಲ್ಲುಗಳನ್ನು ಪರೀಕ್ಷೆಗೆ ಹಚ್ಚಿದರು. ಕಲಿತ ಆಸ್ಪತ್ರೆಯ ಚಿತ್ರಗಳಲ್ಲಿ ಚೆನ್ನಾಗಿ ಮಾಡುವ ಮಾಡೆಲ್ಲು ಬೇರೆ ಆಸ್ಪತ್ರೆಯ ಚಿತ್ರ ಕೊಟ್ಟರೆ ಬಹಳ ಸಲ ಹಿಂದೆ ಬಿತ್ತು. ಯಾಕೆಂದು ನೋಡಿದರೆ, ಈ ಎಕ್ಸ್‌ರೇ ಯಾವ ಆಸ್ಪತ್ರೆಯದು ಅನ್ನುವುದನ್ನೇ ಮಾಡೆಲ್ಲು ಹೆಚ್ಚುಕಡಿಮೆ ತಪ್ಪಿಲ್ಲದೆ ಹೇಳಬಲ್ಲದಾಗಿತ್ತು. ಒಂದು ಆಸ್ಪತ್ರೆಯಲ್ಲಿ ನ್ಯುಮೋನಿಯಾ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಆಸ್ಪತ್ರೆ ಗುರುತು ಸಿಕ್ಕರೆ ಅರ್ಧ ಉತ್ತರ ಸಿಕ್ಕ ಹಾಗೆಯೇ. ಹುಡುಗ ಲೆಕ್ಕ ಮಾಡದೆ ಮಾಸ್ತರ ಮುಖ ನೋಡಿ ಉತ್ತರ ಹೇಳಿದಂಗ. ಅಮೆರಿಕದ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋದಾಗಲೇ ಹೀಗಾದರೆ, ಅಲ್ಲಿನ ಡೇಟಾದಿಂದ ಕಲಿತದ್ದು ಯಲಬುರ್ಗಾದ ತಾಲ್ಲೂಕು ಆಸ್ಪತ್ರೆಯಲ್ಲಿ ಏನು ಮಾಡೀತು?

ಯಲಬುರ್ಗಾ ಅಂದೆ, ಅದಕ್ಕೆ ಕಾರಣ ಇದೆ. ನಮ್ಮ ಜಿಲ್ಲೆ ಎರಡು ಲೋಕ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತ, ರೈಸ್ ಮಿಲ್ಲು. ಈ ಕಡೆ ಕುಷ್ಟಗಿ, ಯಲಬುರ್ಗಾ ಅಂದರೆ ಮಳೆ ನಂಬಿದ ಒಣ ಭೂಮಿ, ಬೋರಿನ ನೀರು. ಆ ನೀರಿನಲ್ಲಿ ಅನೇಕ ಊರುಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ದಾಟಿದ ನೀರನ್ನು ಸಣ್ಣಂದಿನಿಂದ ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟೆ. ವರ್ಷಗಟ್ಟಲೆ ಬಹಳ ಫ್ಲೋರೈಡ್ ಒಳಗೆ ಹೋದರೆ ಬೆನ್ನು, ಸೊಂಟ, ಮೊಣಕಾಲು ಬಿಗಿಯುತ್ತವೆ. ಎಲುಬಿಗೆ ಅಂಟಿದ ನಾರೂ ಕಲ್ಲಾಗುತ್ತಾ ಬರುತ್ತದೆ. ನಮ್ಮ ದೊಡ್ಡಪ್ಪ ಕರೆದರೆ ಕತ್ತು ತಿರುಗಿಸುವುದಿಲ್ಲ, ಇಡೀ ಮೈ ತಿರುಗಿಸುತ್ತಾನೆ. ‘ಯಾಕ ದೊಡ್ಡಪ್ಪ’ ಅಂದರೆ ‘ನೀರಿಂದಪಾ ಅದು, ನಮ್ಮೂರಾಗ ಎಲ್ಲಾರದೂ ಹಿಂಗ ಐತಿ’ ಅಂತಾನೆ.

ಒಂದು ಸೆಮಿನಾರಿನಲ್ಲಿ ವಿಷಯ ಎಲುಬಿನ ಸಾಂದ್ರತೆ. ಸಾದಾ ಎಕ್ಸ್‌ರೇಯಿಂದಲೇ ಅದನ್ನು ಅಂದಾಜು ಮಾಡಿ, ಎಲುಬು ಮುರಿಯುವ ಅಪಾಯ ಯಾರಿಗಿದೆ ಅಂತ ಹೇಳುವ ವಿಧಾನ. ದುಬಾರಿ ಡೆಕ್ಸಾ ಯಂತ್ರ ಬೇಕಾಗಿಲ್ಲ, ಹಳ್ಳಿಗೆ ಅನುಕೂಲ. ಮೊದಲ ಸ್ಲೈಡಿನಲ್ಲಿ ಬೆನ್ನು ಬಾಗಿದ ಮುದುಕ ಇದ್ದೇ ಇದ್ದ. ಲೆಕ್ಕ ಸರಳ: ಎಲುಬು ಬೆಳ್ಳಗೆ ದಟ್ಟವಾಗಿ ಕಂಡರೆ ಅಪಾಯ ಕಡಿಮೆ, ತೆಳ್ಳಗೆ ಕಂಡರೆ ಜಾಸ್ತಿ.

ಆದರೆ ಫ್ಲೋರೋಸಿಸ್ ಆದ ಎಲುಬು ಎಕ್ಸ್‌ರೇಯಲ್ಲಿ ಬೆಳ್ಳಗೇ ಕಾಣುತ್ತದೆ. ದಟ್ಟ ಇದೆ, ಗಟ್ಟಿ ಇಲ್ಲ. ಇದು ನನ್ನ ಕಲ್ಪನೆ ಅಲ್ಲ. 1990ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಲಾರೆನ್ಸ್ ರಿಗ್ಸ್ ತಂಡ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಮುಟ್ಟು ನಿಂತ ಮೇಲೆ ಎಲುಬು ಸವೆದ 202 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಕೊಟ್ಟರು. ಆಗ ಫ್ಲೋರೈಡನ್ನು ಎಲುಬಿನ ಔಷಧಿ ಅಂತಲೇ ನಂಬಿದ್ದರು. ನಾಲ್ಕು ವರ್ಷದಲ್ಲಿ ಸೊಂಟದ ಬೆನ್ನೆಲುಬಿನ ಸಾಂದ್ರತೆ ಶೇಕಡ 35ರಷ್ಟು ಏರಿತು. ಸೆಮಿನಾರಿನಲ್ಲಿ ತೋರಿಸಿದರೆ ಎದ್ದು ನಿಂತು ಚಪ್ಪಾಳೆ ಹೊಡೆಯಬೇಕಾದ ಸಂಖ್ಯೆ. ಆದರೆ ಬೆನ್ನೆಲುಬು ಮುರಿಯುವುದು ಗಮನಿಸುವಷ್ಟು ಕಡಿಮೆ ಆಗಲಿಲ್ಲ. ಉಳಿದ ಎಲುಬುಗಳು ಮುರಿದದ್ದು ಫ್ಲೋರೈಡ್ ಗುಂಪಿನಲ್ಲಿ 72 ಸಲ, ಇನ್ನೊಂದರಲ್ಲಿ 24 ಸಲ. ಸಂಖ್ಯೆ ಉದ್ಧಾರವಾಯಿತು, ಹೆಂಗಸರ ಕೈಕಾಲು ಮುರಿದವು.

ಮೂವತ್ತು ವರ್ಷದ ಹಿಂದಿನ, ಎಲ್ಲರಿಗೂ ಸಿಗುವ ಪೇಪರು ಅದು. ಆ ದಿನ ಕೊಪ್ಪಳದ ಎಕ್ಸ್‌ರೇಯನ್ನು ಆ ವಿಧಾನಕ್ಕೆ ಕೊಟ್ಟಿದ್ದರೆ ನಮ್ಮ ದೊಡ್ಡಪ್ಪನಿಗೆ ‘ಎಲುಬು ಭೇಷಿದೆ’ ಅಂತ ಸರ್ಟಿಫಿಕೇಟ್ ಸಿಗುವ ಸಾಧ್ಯತೆ ಇತ್ತು. ಪ್ರಶ್ನೆಯ ಹೊತ್ತಿನಲ್ಲಿ ಕೈ ಎತ್ತಿ, ನೀರಲ್ಲಿ ಫ್ಲೋರೈಡ್ ಇರುವ ಜಿಲ್ಲೆಗಳಲ್ಲಿ ಇದು ನಡೆಯುತ್ತದೆಯೇ ಅಂತ ಕೇಳಿದೆ. ವಿದ್ಯಾರ್ಥಿ ಗೈಡಿನ ಕಡೆ ನೋಡಿದ. ಗೈಡು ನಯವಾಗಿ ‘ಒಳ್ಳೆಯ ಪ್ರಶ್ನೆ, ಆದರೆ ಈ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ’ ಅಂದರು. ಮುಂದಿನ ಪ್ರಶ್ನೆ ಯಾವ ಲಾಸ್ ಫಂಕ್ಷನ್ ಬಳಸಿದಿರಿ ಅಂತ. ಅದಕ್ಕೆ ಹತ್ತು ನಿಮಿಷ ಚರ್ಚೆ ಆಯಿತು.

ವ್ಯಾಪ್ತಿಗೆ ಬರುವುದಿಲ್ಲ ಅನ್ನುವ ಹಾಗಿದ್ದರೆ ಮೊದಲ ಸ್ಲೈಡಿನಲ್ಲಿ ಆ ಮುದುಕನನ್ನು ಯಾಕೆ ಕೂಡಿಸಬೇಕು? ಅವನ ಹೆಸರಲ್ಲಿ ಫೆಲೋಶಿಪ್ ಬರುತ್ತದೆ, ಅವನ ಹೆಸರಲ್ಲಿ ಪೇಪರಿನ ಪೀಠಿಕೆ ಶುರುವಾಗುತ್ತದೆ. ಮದುವೆ ಕಾರ್ಡಿನಲ್ಲಿ ಹೆಸರು ಹಾಕಿಸಿಕೊಂಡ ಹಿರಿಯ ಅವನು, ಊಟಕ್ಕೆ ಎಲೆ ಇಲ್ಲ.

ಇದಕ್ಕೆ ಉತ್ತರವೂ ಗೊತ್ತು, ಪಿಎಚ್‌ಡಿ ಮಾಡುತ್ತಿರುವ ಗೆಳೆಯ ಒಬ್ಬ ಮುಖಕ್ಕೇ ಹೇಳಿದ್ದಾನೆ: ‘ಲೇ, ಒಬ್ಬ ಹುಡುಗ ಐದು ವರ್ಷದಾಗ ದೇಶ ಉದ್ಧಾರ ಮಾಡಾಕ ಆಗತೈತೇನೋ? ಸೆಮಿನಾರ್ ಅಂದ್ರ ಕಲಿಯೋ ಜಾಗ. ಎಥಿಕ್ಸ್ ಕಮಿಟಿ, ಆಸ್ಪತ್ರೆ ಪರ್ಮಿಷನ್ನು, ಪೇಪರ್ ರಿವ್ಯೂ, ಇದರಾಗ ತಲಿ ಬೆಳ್ಳಗಾಗತೈತಿ.’ ಒಪ್ಪುತ್ತೇನೆ. ಸಾರ್ವಜನಿಕ ಡೇಟಾ ಇಟ್ಟುಕೊಂಡು ಕೆಲಸ ಮಾಡೋದು ಸೋಮಾರಿತನ ಅಲ್ಲ, ಬಹಳ ಸಲ ಅದೊಂದೇ ದಾರಿ. ಆದರೆ ಕಲಿಯುವ ಜಾಗ ಅಂದಮೇಲೆ ಪ್ರಶ್ನೆ ಕೇಳುವುದನ್ನೂ ಅಲ್ಲೇ ಕಲಿಯಬೇಕಲ್ಲ. ನಾನು ನೋಡಿದ ಸೆಮಿನಾರುಗಳಲ್ಲಿ ಮೊದಲ ಮೂರು ಪ್ರಶ್ನೆ ಪ್ರೊಫೆಸರುಗಳದ್ದೇ. ವಿದ್ಯಾರ್ಥಿಗಳು ಹಾಜರಿ ಹಾಕಿ ಲ್ಯಾಪ್‌ಟಾಪ್ ತೆರೆಯುತ್ತಾರೆ. ನಮ್ಮ ಕಡೆಯಿಂದ, ಕನ್ನಡ ಮೀಡಿಯಮ್ಮಿನಿಂದ ಬಂದವರು ಇಂಗ್ಲಿಷಿನಲ್ಲಿ ಪ್ರಶ್ನೆ ಕಟ್ಟಿಕೊಳ್ಳುವಷ್ಟರಲ್ಲಿ ‘ಥ್ಯಾಂಕ್ಯೂ ಸ್ಪೀಕರ್’ ಆಗಿರುತ್ತದೆ. ನೀರಿನ ಬಗ್ಗೆ ಕೇಳಬಲ್ಲವರು ಅವರೇ, ಬಾಯಿ ಬಿಡದವರೂ ಅವರೇ.

ಸೋಲನ್ನು ತೋರಿಸುವ ಸೆಮಿನಾರೂ ಕಡಿಮೆ. ನಮ್ಮ ದೇಶದ ಈ ಕ್ಷೇತ್ರದ ದೊಡ್ಡ ಕಥೆಯೇ ಸೋಲಿನದು ಅನ್ನುವುದು ಇದರ ತಮಾಷೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಹೃದಯ ಶಸ್ತ್ರಚಿಕಿತ್ಸಕ ಎಂ.ಎಸ್. ವಲಿಯತ್ತಾನ್ (ಆಮೇಲೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿ ಆದವರು) ಮತ್ತು ಇಂಜಿನಿಯರುಗಳು ಕೃತಕ ಹೃದಯ ಕವಾಟ ಮಾಡಲು ಹೊರಟರು. ಹೊರದೇಶದ ಕವಾಟದ ಬೆಲೆ ನಮ್ಮ ಬಡ ರೋಗಿಗಳ ಕೈಗೆ ನಿಲುಕುತ್ತಿರಲಿಲ್ಲ. ಮಾದರಿಯ ಮೇಲೆ ಮಾದರಿ ಕೈಕೊಟ್ಟಿತು. ತೆರೆದು ಮುಚ್ಚುವ ಬಿಲ್ಲೆಗೆ ಕೃತಕ ನೀಲಮಣಿ ಬಳಸಿ ನೋಡಿದರು, ಅದನ್ನೂ ಬಿಟ್ಟರು. ಕೊನೆಗೆ ಒಂದು ಬಗೆಯ ಗಟ್ಟಿ ಪಾಲಿಎಥಿಲೀನ್ ಬಿಲ್ಲೆ ನಿಂತಿತು. ಯಂತ್ರದಲ್ಲಿ ಕೋಟಿಗಟ್ಟಲೆ ಸಲ ಬಡಿಸಿ, ಕುರಿಗಳಿಗೆ ಹಾಕಿ ನೋಡಿ, 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿದರು. ಮೊದಲ ಪ್ರಯತ್ನಗಳಿಂದ ಅಲ್ಲಿಗೆ ಒಂದು ದಶಕದ ಮೇಲಾಗಿತ್ತು. ಯಾವ ಮಾದರಿ ಯಾಕೆ ಮುರಿಯಿತು ಅಂತ ವಲಿಯತ್ತಾನ್ ಮುಚ್ಚಿಡದೆ ಬರೆದರು. ಇವತ್ತಿನ ಸೆಮಿನಾರಿನಲ್ಲಿ ಆ ನೀಲಮಣಿ ಬಿಲ್ಲೆಗೆ ಒಂದು ಸ್ಲೈಡೂ ಸಿಗುತ್ತಿರಲಿಲ್ಲ ಅನ್ನುವುದು ನನ್ನ ಗುಮಾನಿ.

ಇನ್ನೊಂದು ದಾರಿ ಸ್ಟ್ಯಾನ್‌ಫರ್ಡಿನ ಬಯೋಡಿಸೈನ್ ಕಾರ್ಯಕ್ರಮದ್ದು. 2007ರ ಹೊತ್ತಿಗೆ ದಿಲ್ಲಿಯ ಏಮ್ಸ್ ಮತ್ತು ಐಐಟಿಗೂ ಬಂತು. ಅಲ್ಲಿ ಸಾಧನ ಮಾಡುವ ಮುಂಚೆ ಆಸ್ಪತ್ರೆಯಲ್ಲಿ ವಾರಗಟ್ಟಲೆ ಸುಮ್ಮನೆ ನಿಂತು ನೋಡಬೇಕು. ನರ್ಸು ಏನು ಮಾಡುತ್ತಾಳೆ, ಯಾವ ಯಂತ್ರ ಧೂಳು ತಿನ್ನುತ್ತಿದೆ, ರೋಗಿ ಯಾಕೆ ಮರಳಿ ಬರಲಿಲ್ಲ, ಎಲ್ಲ ಪಟ್ಟಿ ಮಾಡಿ ಆಮೇಲೆ ಒಂದನ್ನು ಆರಿಸುವುದು. ಅದು ಸಂಶೋಧನೆಗಿಂತ ಸಾಧನದ ಕಡೆ ವಾಲಿದ ತರಬೇತಿ, ಪಿಎಚ್‌ಡಿಗೆ ಹಾಗೇ ಹಚ್ಚಲು ಬರುವುದಿಲ್ಲ. ಆದರೂ ಸುಮ್ಮನೆ ನಿಂತು ನೋಡುವ ಪಾಠ ನಮ್ಮ ಸೆಮಿನಾರುಗಳಿಗೆ ಬೇಕಾಗಿದೆ.

ನನ್ನ ಬೇಡಿಕೆ ಸಣ್ಣದು. ಕೊಪ್ಪಳದಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಕುಷ್ಟಗಿ, ಯಲಬುರ್ಗಾದ ಜನ ಅಲ್ಲಿಗೇ ಬರುತ್ತಾರೆ. ಮೊದಲ ಸ್ಲೈಡಿನಲ್ಲಿ ಹಳ್ಳಿ ಹಾಕಿದವರು ಪ್ರಬಂಧ ಒಪ್ಪಿಸುವ ಮೊದಲು ಒಂದು ಸಲ ಅದೇ ಸೆಮಿನಾರನ್ನು ಅಲ್ಲಿ, ಬರುವಷ್ಟು ಕನ್ನಡದಲ್ಲಿ, ಕೊಡಲಿ. ಮುಂದಿನ ಸಾಲಿನಲ್ಲಿ ಎಕ್ಸ್‌ರೇ ತೆಗೆಯುವವರು, ವಾರ್ಡಿನ ಸಿಸ್ಟರು, ಆಶಾ ಕಾರ್ಯಕರ್ತೆಯರು ಕೂಡಲಿ. ಪ್ರೊಫೆಸರುಗಳು ಹಿಂದೆ. ಲಾಸ್ ಫಂಕ್ಷನ್ ಪ್ರಶ್ನೆ ಅಲ್ಲಿ ಬರಲಿಕ್ಕಿಲ್ಲ. ‘ಕರೆಂಟ್ ಹೋದ್ರ ಏನ್ ಮಾಡ್ತದ್ರೀ ಇದು’ ಅನ್ನುವುದು ಖಂಡಿತ ಬರುತ್ತದೆ. ‘ನಮ್ಮ ಕಡೆ ಎಲ್ಲಾರ ಎಲುಬೂ ಫಿಲ್ಮಿನಾಗ ಬೆಳ್ಳಗ ಕಾಣ್ತಾವಲ್ರೀ’ ಅನ್ನುವುದೂ ಬಂದೀತು. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟರೆ ಬೆಳಿಗ್ಗೆ ಕೊಪ್ಪಳ. ಬಿಸ್ಕೀಟು ತರುವುದು ಬ್ಯಾಡ, ಒಗ್ಗರಣಿ-ಮಿರ್ಚಿ ನಾವು ಕೊಡಸ್ತೀವಿ.